ಅವರೆಕಾಯಿ ಕಾಲದ ಮಂಡಿ

ನನ್ನ ಕಾಯಿಲೆಗೆ ಡಾಕ್ಟರು ಇಟ್ಟ ಹೆಸರು ಲೈಮ್. ನಮ್ಮತ್ತೆ ಇಟ್ಟದ್ದು ಅವರೆಕಾಯಿ ನೋವು. ಬೂದಿಗೆರೆಯ ನಮ್ಮ ಬೀದಿಯಲ್ಲಿ ಚಾಲ್ತಿಯಲ್ಲಿರುವುದು ಅತ್ತೆ ಇಟ್ಟ ಹೆಸರೇ.

ಒಂದು ಬೇಸಿಗೆಯಲ್ಲಿ ಕೊಡಗಿನ ಕಡೆ, ಕಾಡಂಚಿನಲ್ಲಿರುವ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಹಿತ್ತಿಲ ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ನೋಡಿದರೆ ಮಂಡಿಯ ಹಿಂದೆ ಒಂದು ಉಣ್ಣೆ ಕಚ್ಚಿಕೊಂಡಿತ್ತು. ದನದ ಮೈಯಿಂದ ಉಣ್ಣೆ ಕಿತ್ತು ಬೆಳೆದವಳು ನಾನು. ಹೆದರುವುದೇನು ಬಂತು? ಕಿತ್ತೆಸೆದು ಊಟಕ್ಕೆ ಕೂತೆ. ಊರಿಗೆ ಬಂದಮೇಲೆ ಅದೇ ಜಾಗದಲ್ಲಿ ಬಳೆಯಂತೆ ಕೆಂಪಗೆ ಒಂದು ಗುರುತು ಎದ್ದಿತು. ಹುಳುಕಡ್ಡಿ ಎಂದರು ಎಲ್ಲರೂ. ಮೆಡಿಕಲ್ ಸ್ಟೋರಿನವನು ಕೊಟ್ಟ ಮುಲಾಮು ಹಚ್ಚಿದೆ. ಗುರುತು ತನ್ನ ಪಾಡಿಗೆ ತಾನು ಹೋಯಿತು, ಒಳ್ಳೆಯ ಹೆಸರು ಮುಲಾಮಿಗೆ ಬಂತು.

ಮಂಡಿ ಊದಿದ್ದು ಚಳಿಗಾಲದಲ್ಲಿ. ಬೆಳಗ್ಗೆ ಮಂಜಿನಲ್ಲಿ, ನಾನು ಕೆಲಸಕ್ಕೆ ಹೋಗುವ ಪಿಲ್ಲಗುಂಪೆಯ ಫ್ಯಾಕ್ಟರಿ ಬಸ್ಸಿಗೆ ನಿಂತರೆ ಕಾಲು ಮರಗಟ್ಟುತ್ತಿತ್ತು, ಬಸ್ಸಿನ ಮೆಟ್ಟಿಲು ಹತ್ತಲು ಹಿಂದಿದ್ದವರು ತಳ್ಳಬೇಕಾಗುತ್ತಿತ್ತು. ನನ್ನ ದುರದೃಷ್ಟಕ್ಕೆ ನಮ್ಮ ಕಡೆ ಅವರೆಕಾಯಿ ಬರುವುದೂ ಆಗಲೇ. ಹೊಲದಿಂದ ಚೀಲಗಟ್ಟಲೆ ಬರುತ್ತದೆ. ಸುಲಿದು, ಕಾಳು ನೆನೆಸಿ, ಬೇಸಿನ್ ಸುತ್ತ ಹೆಂಗಸರೆಲ್ಲ ಚಕ್ಕಳಮಕ್ಕಳ ಹಾಕಿ ಕೂತು ಸಿಪ್ಪೆಯಿಂದ ಬೇಳೆ ಹಿತುಕಬೇಕು. ಹಿತಕಿದ ಬೇಳೆ ಸಾರು ತಿನ್ನುವಾಗ ಗಂಡಸರಿಗೆ ಅದರ ರುಚಿ ಮಾತ್ರ ಗೊತ್ತಾಗುತ್ತದೆ. ನನಗೆ ಕಾಲು ಮಡಚಲು ಆಗುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

"ನೋಡಪ್ಪಾ, ಅವರೆಕಾಯಿ ಚೀಲ ಕಾಣ್ತಿದ್ದಂಗೇ ಇವ್ಳ ಮಂಡಿ ಊದ್ಕೊಂಡ್ಬಿಡ್ತದೆ" ಎಂದರು ಅತ್ತೆ, ಮಗನಿಗೆ. ನಮ್ಮನೆಯವರು ನಕ್ಕರು. ಅತ್ತೆಯ ಮಾತು ನನಗೆ ಅಷ್ಟಾಗಿ ನಾಟಲಿಲ್ಲ, ಆ ನಗು ನಾಟಿತು.

ಬೇಸಿಗೆ ಬಂದಾಗ ಊತ ಇಳಿಯಿತು. ಗುಣವಾಯಿತೆಂದು ಸಂತೋಷಪಟ್ಟೆ. ಆದರೆ ನಾನು ಸಲೀಸಾಗಿ ನಡೆದಾಡಿದ್ದೇ ನನ್ನ ವಿರುದ್ಧ ಸಾಕ್ಷಿಯಾಯಿತು. ಮುಂದಿನ ಚಳಿಗೆ ಮಂಡಿ ಮತ್ತೆ ಊದಿದಾಗ "ಬಂತಾ ಅವರೆಕಾಯಿ ನೋವು?" ಎಂದು ಪಕ್ಕದ ಮನೆಯಾಕೆಯೂ ಕೇಳಿದಳು.

ಕೊನೆಗೆ ಬೆಂಗಳೂರಿನ ಒಬ್ಬ ಡಾಕ್ಟರು ಮಂಡಿಯಿಂದ ನೀರು ತೆಗೆದು, ರಕ್ತ ಪರೀಕ್ಷೆ ಮಾಡಿಸಿ, ಉಣ್ಣೆ ಕಚ್ಚಿತ್ತೇ ಎಂದು ಕೇಳಿದರು. ಹೆಸರು ಹೇಳಿದರು, ಮಾತ್ರೆ ಬರೆದರು. ಚಳಿಯಲ್ಲೇ ಯಾಕೆ ಹೀಗೆ ಎಂದು ಕೇಳಿದೆ.

"ಚಳಿಯಿಂದ ಬಂದ ಕಾಯಿಲೆ ಅಲ್ಲಮ್ಮಾ ಇದು. ಚಳೀಲಿ ಕೀಲು ಬಿಗಿಯುತ್ತೆ, ನೋವು ಜಾಸ್ತಿ ಗೊತ್ತಾಗುತ್ತೆ. ಮಾತ್ರೆ ಮುಗಿದ ಮೇಲೂ ಕೆಲವರಿಗೆ ಆಗಾಗ ಬರುತ್ತೆ. ಬೇಸಿಗೇಲಿ ಬರೋದೇ ಇಲ್ಲ ಅನ್ನಕ್ಕಾಗಲ್ಲ."

ಇದನ್ನು ನಮ್ಮನೆಯವರ ಕಿವಿಗೂ ಹಾಕಿ ಎನ್ನಬೇಕೆಂದಿದ್ದೆ. ಅವರು ಹೊರಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು.

ಮನೆಯಲ್ಲಿ ಲೈಮ್ ಎಂದ ಕೂಡಲೇ ಅತ್ತೆಯ ಮುಖ ಅರಳಿತು. "ಅಂದ್ರೆ ನಿಂಬೆಹಣ್ಣು! ಹುಳಿ ತಿಂದ್ರೆ ಕೀಲು ಹಿಡ್ಕೊಳ್ತದೆ ಅಂತ ನಾನು ಬಡ್ಕೊಳ್ತಿರ್ಲಿಲ್ವಾ? ಡಾಕ್ಟ್ರೂ ಅದ್ನೇ ಹೇಳವ್ರೆ." ನಿಂಬೆಹಣ್ಣಲ್ಲ, ಉಣ್ಣೆ ಎಂದೆ. ಉಣ್ಣೆ ಕಚ್ಚಿ ದನವೇ ಕುಂಟುವುದಿಲ್ಲ, ನೀನ್ಯಾಕೆ ಕುಂಟುತ್ತೀಯ ಎಂದರು. ಅಂದಿನಿಂದ ನನ್ನ ತಟ್ಟೆಗೆ ಚಿತ್ರಾನ್ನ ಬಂದ್. ಅವರೆಕಾಳಿನ ಬೇಸಿನ್ ಮಾತ್ರ ಎಂದಿನಂತೆ ಮುಂದೆ ಬಂತು.

ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಹಾಸಿಗೆಯಲ್ಲಿ ಮಲಗಿಸಿ ಸೇವೆ ಮಾಡಿ ಎಂದು ನಾನು ಕೇಳಲಿಲ್ಲ. ನಮ್ಮನೆಯವರು ಒಂದೇ ಒಂದು ಸಲ, ನಿನಗೆ ನಿಜವಾಗಲೂ ನೋಯುತ್ತಿದೆ ಎಂದು ಒಪ್ಪಿಕೊಂಡಿದ್ದರೆ ಸಾಕಿತ್ತು. ಅದಕ್ಕಾಗಿ ಎಂಥ ಆಸೆ ಹುಟ್ಟಿತೆಂದರೆ, ಮಂಡಿ ಒಮ್ಮೆ ಬೇಸಿಗೆಯಲ್ಲಿ ಊದಲಿ ಎಂದು ದೇವರಲ್ಲಿ ಬೇಡಿಕೊಂಡೆ. ನೋವನ್ನು ಹರಕೆ ಹೊತ್ತು ಕರೆದವಳು ನಾನೊಬ್ಬಳೇ ಇರಬೇಕು.

ಈ ಸಲ ಯುಗಾದಿ ಕಳೆದ ಮೇಲೆ ಅದು ಬಂತು. ಹೊರಗೆ ಬೆಂಕಿಯಂಥ ಬಿಸಿಲು. ಭಾನುವಾರ ಮಧ್ಯಾಹ್ನ ಎದ್ದು ನಿಲ್ಲಲು ಹೋದರೆ ಕಾಲು ನೆಲಕ್ಕೂರಲಿಲ್ಲ. ನನಗಾದದ್ದು ಖುಷಿ. ನಾಚಿಕೆಗೇಡು ಅನಿಸಿದರೂ ಖುಷಿಯೇ. ನಮ್ಮನೆಯವರನ್ನು ಕೂಗಿ ಕರೆದು, ಸೀರೆ ಸರಿಸಿ, ಅವರ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡೆ.

"ನೋಡಿ ರೀ. ಬಿಸಿ ಇದೆಯೋ ಇಲ್ವೋ? ಇದ್ಯಾವ ಕಾಲ ಹೇಳಿ. ಎಲ್ಲಿದೆ ಅವರೆಕಾಯಿ?"

ಅವರು ಕೈ ತೆಗೆಯಲಿಲ್ಲ. ಮೆಲ್ಲಗೆ ಒತ್ತಿ ನೋಡಿದರು. "ಹೌದಲ್ಲೇ, ಸುಡ್ತಾ ಇದೆ" ಎಂದರು. ಇಷ್ಟು ವರ್ಷದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಇವ್ಳ ಮಂಡಿ ಊದ್ಕೊಂಡೈತೆ ನೋಡು" ಎಂದು ಕೂಗಿದರು.

ಅತ್ತೆ ಜಗಲಿಯಲ್ಲಿ ಬಟ್ಟೆ ಹಾಸಿ ಮಾವಿನಕಾಯಿ ಒರೆಸುತ್ತಿದ್ದರು. ತಲೆ ಕೂಡ ಎತ್ತಲಿಲ್ಲ.

"ಊದ್ದೆ ಇರ್ತದಾ? ಉಪ್ಪಿನಕಾಯಿ ಹಾಕೋ ಕಾಲ ಬಂತಲ್ಲಪ್ಪಾ."

ನಗು ತಡೆಯಲು ನಮ್ಮನೆಯವರು ಬಾಯಿಗೆ ಕೈ ಅಡ್ಡ ಹಿಡಿದರು. ನನ್ನ ಮಂಡಿಯ ಮೇಲಿದ್ದ ಕೈಯನ್ನೇ.