ಕಾಶಪ್ಪ ಮಾಮಾನ ನಡುಕ

ಫರಸಿ ಹಾಸಿ ಮುಗಿಸಿದ ಮೇಲೆ ಕಾಶಪ್ಪ ಮಾಮಾ ಒಂದು ಲೋಟ ನೀರು ಕೇಳುತ್ತಿದ್ದ, ಕುಡಿಯಲಿಕ್ಕಲ್ಲ. ಬಾಗಿಲ ಬಳಿ ನಿಂತು ನೆಲಕ್ಕೆ ಸುರಿದು, ಕೈಕಟ್ಟಿಕೊಂಡು ನೋಡುತ್ತಿದ್ದ. ನೀರು ಎಲ್ಲೂ ನಿಲ್ಲದೆ ಸೀದಾ ಮೋರಿಯ ಬಾಯಿಗೆ ಹೋಗಬೇಕು. ಹೋಗುತ್ತಿತ್ತು ಕೂಡ. "ಮನಷಾ ಸುಳ್ಳು ಹೇಳ್ತಾನ, ನೀರು ಹೇಳಾಂಗಿಲ್ಲ" ಎಂದು ಸಾಮಾನು ಚೀಲಕ್ಕೆ ತುಂಬುತ್ತಿದ್ದ. ತಾಂಡೂರಿನಿಂದ ಲಾರಿಯಲ್ಲಿ ಬರುವ ನೀಲಿ ಕಲ್ಲಿನ ಚಪ್ಪಡಿಗೆ ನಮ್ಮಲ್ಲಿ ಫರಸಿ ಎನ್ನುತ್ತಾರೆ. ಮನೂರ್ ಕಡೆಯ ನಮ್ಮ ಊರಲ್ಲಿ ಅರ್ಧ ಮನೆಗಳ ನೆಲ ಅವನ ಕೈಯದೇ.

ಅವನು ನನ್ನ ಅವ್ವನ ತಮ್ಮ, ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದವ. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಸಂಜೆಗೆ ಸೇಂದಿ. ಮೂರನ್ನೂ ಒಂದೇ ಶ್ರದ್ಧೆಯಿಂದ ನಡೆಸಿದ. ನಾನು ಬೈದರೆ, "ಇದು ಗಿಡದ ಹಾಲವ್ವಾ, ದಾರೂ ಏನು?" ಎನ್ನುತ್ತಿದ್ದ. ಗಿಡದ ಹಾಲೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅಂಗಡಿಯ ಸೇಂದಿಯಲ್ಲಿ ಗಿಡ ಎಲ್ಲಿತ್ತು? ನೀರು, ಸಕ್ಕರೆ, ನಿದ್ದೆ ಬರಿಸುವ ಪುಡಿ. ಅದು ಊರಿಗೆಲ್ಲ ಗೊತ್ತಿತ್ತು. ಆ ಪುಡಿ ತಪ್ಪಿದರೆ ಮೈ ಏನು ಮಾಡುತ್ತದೆ ಎಂಬುದು ಮಾತ್ರ ಶಾಲೆ ಕಲಿಸುವ ನನಗೂ ಗೊತ್ತಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ ನಾನೇ ಹಟ ಹಿಡಿದು, ಲಿಂಗ ಮುಟ್ಟಿಸಿ ಸೇಂದಿ ಬಿಡುವ ಆಣೆ ಮಾಡಿಸಿದೆ. ಬಿಟ್ಟ, ಪಾಪ. ಮೂರನೆಯ ದಿನ ಕೈ ನಡುಗಿತು, ಕುತ್ತಿಗೆ ಹೊರಳತೊಡಗಿತು, ಕಣ್ಣು ಮೇಲಾಗಿ ಯಾರ್ಯಾರ ಜೊತೆಗೋ ಮಾತಾಡತೊಡಗಿದ. ಓಣಿಯ ಹೆಂಗಸರು ಓಡಿ ಬಂದು, ಪೋಚಮ್ಮ ದೇವಿ ಮೈಮೇಲೆ ಬಂದಿದ್ದಾಳೆ ಎಂದರು. ಆಕೆಗೆ ಸೇಂದಿಯ ನೈವೇದ್ಯ ನಮ್ಮ ಕಡೆಯ ರೂಢಿ; ಅದು ಸಿಗದೆ ಮುನಿದಿದ್ದಾಳೆ ಎಂದರು. ಅಂಗಡಿಗೆ ಓಡಿದವಳು ನಾನೇ. ಬಾಟಲಿ ಬಾಯಿಗಿಟ್ಟೆ. ಅರ್ಧ ಗಂಟೆಯಲ್ಲಿ ಮಾಮಾ ಶಾಂತನಾಗಿ ಮಲಗಿದ. ಎಲ್ಲರೂ ಕೈಮುಗಿದರು, ನಾನೂ ಮುಗಿದೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಅವನು ಉಂಡದ್ದು ನಾನು ಮಾಡಿದ್ದನ್ನು. ಕುಡುಕನಿಗೆ ಬುದ್ಧಿ ಹೇಳಬಹುದು, ದೇವಿಗೆ ಯಾರು ಹೇಳುವುದು? ಮುಂಜಾನೆ ಒಂದು ಬಾಟಲಿ ದೇವಿ ಅಮ್ಮನಿಗೆ, ಮಧ್ಯಾಹ್ನ ಒಂದು, ಸಂಜೆ ಎರಡು. ಓಣಿಯವರೇ ತಂದುಕೊಟ್ಟು, ಮಕ್ಕಳ ಜ್ವರಕ್ಕೆ ಅವನ ಕೈಯಿಂದ ಅರಿಶಿನದ ಭಂಡಾರ ಹಚ್ಚಿಸಿಕೊಂಡು ಹೋಗುತ್ತಿದ್ದರು. ಅವನು ಕೊನೆಯದಾಗಿ ಹಾಸಿದ್ದು ನಮ್ಮ ಅಡಿಗೆಮನೆಯ ಫರಸಿ. ಸುರಿದ ನೀರು ನಡುವೆಯೇ ನಿಂತಿತು. ಹೆಗಲ ಟವೆಲ್ಲಿನಿಂದ ಒರೆಸಿದ. ನನಗೆ ಅವತ್ತು ಅಳು ಬಂತು.

ಹೋದ ವರ್ಷ ಅಬಕಾರಿಯವರ ದಾಳಿಯಾಗಿ ಸುತ್ತಿನ ಸೇಂದಿ ಅಂಗಡಿಗಳೆಲ್ಲ ಮುಚ್ಚಿದವು. ಎರಡೇ ದಿನಕ್ಕೆ ಮತ್ತೆ ಅದೇ ನಡುಕ. ಅಂಗಳದ ತುಂಬ ಜನ, ತೆಂಗಿನಕಾಯಿ, ಊದುಬತ್ತಿ. ಬಾಟಲಿ ತಪ್ಪಿದಾಗಲೇ ಅಮ್ಮ ಬರುವುದನ್ನು ನೋಡಿ ನೋಡಿ ನನಗೆ ಅಷ್ಟರಲ್ಲಿ ಅನುಮಾನ ಹುಟ್ಟಿತ್ತು. ದವಾಖಾನೆಗೆ ಹೋಗೋಣ ಎಂದೆ. ಮೈಮೇಲಿರುವಾಗ ಎಬ್ಬಿಸಬಾರದು, ಅಮ್ಮ ತಾನಾಗಿ ಇಳಿಯಲಿ ಎಂದು ಅವ್ವನೇ ಅಡ್ಡ ಕೂತಳು. ಮೊದಲು ಬಾಟಲಿ ಹಿಡಿದವಳು ನಾನು. ಯಾವ ಬಾಯಿಂದ ವಾದಿಸಲಿ? ಇಡೀ ಮುಂಜಾನೆ ಹಾಗೇ ಹೋಯಿತು.

ಮುಖ ಒರೆಸಲು ಬಗ್ಗಿದಾಗ ಮಾಮಾ ನನ್ನ ಕೈ ಹಿಡಿದ. "ಅಮ್ಮ ಅಲ್ಲವ್ವಾ, ಬರೇ ನಾನೇ ಇದ್ದೀನಿ" ಎಂದ. "ಅಂಜಿಕಿ ಆಗ್ಲತ್ತದ."

ಆಮೇಲೆ ಯಾರ ಮಾತೂ ಕೇಳದೆ ಆಟೋದಲ್ಲಿ ಹಾಕಿಕೊಂಡು ನಾರಾಯಣಖೇಡಕ್ಕೆ ಹೊರಟೆ. ದಾರಿಯಲ್ಲಿ ಫಿಟ್ಸ್ ಬಂತು, ಮತ್ತೊಮ್ಮೆ ಬಂತು. ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಇಂಥವರನ್ನು ಒಮ್ಮೆಗೇ ಬಿಡಿಸಬಾರದು, ಔಷಧಿ ಕೊಟ್ಟು ದಿನದಿನಕ್ಕೆ ಇಳಿಸಬೇಕು, ಮೊದಲ ಸಲ ನಡುಗಿದಾಗಲೇ ತಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೇ ನಿಲ್ಲಿಸಿದರು. ನಾನು ಮಾಮಾನ ಕಾಲು ನೋಡುತ್ತಿದ್ದೆ. ಬೆಳಗಿನಿಂದ ಮುಟ್ಟಿ ಮುಟ್ಟಿ ನಮಸ್ಕರಿಸಿದವರ ಅರಿಶಿನ ಕುಂಕುಮ ಎರಡೂ ಪಾದಕ್ಕೆ ಅಂಟಿತ್ತು. ಅದರಲ್ಲಿ ನಾನು ಹಚ್ಚಿದ್ದೂ ಇತ್ತು.