ಕಟಿಂಗ್ ಇಲ್ಲದ ಪದ್ಯ

ಭಾನುವಾರ ಬೆಳಿಗ್ಗೆ ಹಲಸೂರಿನ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬರೆಯುವ ಹುಚ್ಚಿನ ನಾವು ಕೆಲವರು ಸೇರುತ್ತಿದ್ದೆವು. ತೊಂಬತ್ತರ ದಶಕದ ಕೊನೆ ಇರಬೇಕು. ಆ ವಾರದ ಯಾವುದಾದರೂ ದಿನದ ಪೇಪರಿನಿಂದ ಒಂದು ಸುದ್ದಿ ಕತ್ತರಿಸಿ ಹಾಳೆಯ ತಲೆಗೆ ಅಂಟಿಸಿ, ಅದರ ಕೆಳಗೆ ಪದ್ಯ ಬರೆದು ತರಬೇಕು. ಮೊದಲು ಸುದ್ದಿ ಓದಬೇಕು, ಆಮೇಲೆ ಪದ್ಯ. ಕವಿಗಳಿಗೆ ಲೋಕದ ಖಬರಿರಲಿ ಎಂದು ಕೋಣೆಯ ಯಜಮಾನರಾದ ನಿವೃತ್ತ ಮೇಷ್ಟ್ರು ಮಾಡಿದ ಕಟ್ಟಳೆ. ಭೂಕಂಪ, ಗಲಭೆ, ಈರುಳ್ಳಿ ಬೆಲೆ, ಎಲ್ಲದರ ಮೇಲೂ ಬರೆದೆವು. ಬರಬರುತ್ತ ಪೇಪರು ಬಾಗಿಲಿಗೆ ಬಿದ್ದ ಸದ್ದಿಗೇ ನನಗೆ ಆಯಾಸವಾಗುತ್ತಿತ್ತು.

ಆ ವಾರ ರಾಮಮೂರ್ತಿ ನಗರದ ನಮ್ಮ ವಠಾರದಲ್ಲಿ ಗೋಡೆಯಾಚೆಯ ಮನೆಯವನು ಸತ್ತಿದ್ದ. ಗದಗದ ಕಡೆಯ ಡ್ರೈವರ್. ಕುಡಿದ ಅಮಲಿನಲ್ಲಿ ತೆರೆದ ಮೋರಿಗೆ ಬಿದ್ದ ಎಂದು ಪೇಪರಿನಲ್ಲಿ ಬಂದಿತ್ತು. ಅವನ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದಳು: "ಅವ್ರು ಕುಡೀತಿದ್ದಿಲ್ರೀ ಅಣ್ಣಾರ. ಹಾಲ್ ತರಾಕ ಹೋಗಿದ್ರು, ಕರೆಂಟ್ ಇದ್ದಿಲ್ಲ. ನೀವು ಬರಿಯಾವ್ರಂತ. ಅಷ್ಟ ಬರೀರಿ."

ಭಾನುವಾರ ಕೋಣೆಯಲ್ಲಿ, ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದ ಗೆಳೆಯ ಅದೇ ಸುದ್ದಿ ಓದಿದ. ಆಮೇಲೆ ಪದ್ಯ: ಓಲಾಡುತ್ತ ಬರುವವನನ್ನು ಊರೇ ಮೋರಿಯಾಗಿ ಬಾಯಿ ತೆರೆದು ಕರೆಯುತ್ತದೆ. ಚೆನ್ನಾಗಿತ್ತು. ಅದೇ ತೊಂದರೆ.

ಆಕೆ ಹೇಳಿದ್ದನ್ನು ಹೇಳಿದೆ.

"ಪೇಪರಲ್ಲಿ ಹಾಗೇ ಇದ್ಯಲ್ಲ ಗುರು," ಎಂದ. "ಕುಡಿದಿಲ್ಲ ಅಂದ್ರೆ ಅವ್ನು ಓಲಾಡೋದು ಹೇಗೆ? ಪದ್ಯಾನೇ ಮಲಗ್ಬಿಡುತ್ತೆ."

"ಮಲಗ್ಲಿ ಬಿಡು ಮಗಾ. ಅವ್ನೂ ಮಲಗಿದಾನೆ."

ಹೀಗೆ ತಟ್ಟನೆ ಉತ್ತರ ಕೊಟ್ಟೆನೆ? ಅನುಮಾನ. ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆದ ಮಾತಿರಬಹುದು.

ಮುಂದಿನ ವಾರ ನಾನೇ ಬರೆದು ಒಯ್ದೆ: ಕತ್ತಲ ಬೀದಿ, ಹಾಲಿನ ಪ್ಯಾಕೆಟ್, ಚಪ್ಪಡಿ ಇಲ್ಲದ ಮೋರಿ. ಮೇಷ್ಟ್ರು ಹಾಳೆಯ ಹಿಂದೂ ಮುಂದೂ ನೋಡಿದರು.

"ಕಟಿಂಗ್ ಎಲ್ಲಪ್ಪಾ?"

"ಪೇಪರಲ್ಲಿ ಬಂದಿಲ್ಲ ಸಾರ್. ಅವ್ರ ಹೆಂಡ್ತಿ ಹೇಳಿದ್ದು."

"ಕಟಿಂಗ್ ಇಲ್ದೆ ಇಲ್ಲಿ ಯಾರೂ ಓದಿಲ್ಲ. ಇವತ್ತು ನಿಂಗೆ ಬಿಟ್ರೆ ನಾಳೆ ಎಲ್ರೂ ಪ್ರೇಮಪದ್ಯ ಹಿಡ್ಕೊಂಡು ಬರ್ತಾರೆ."

ಎಲ್ಲರೂ ನಕ್ಕರು. ಕೆಳಗಿನಿಂದ ಟೀ ಬಂತು. ವಾದಿಸುವ ತ್ರಾಣ ಇರಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟೆ.

ಗೆಳೆಯನ ಪದ್ಯ ನಮ್ಮ ವಾರ್ಷಿಕ ಪುಸ್ತಿಕೆಯಲ್ಲಿ ಅಚ್ಚಾಯಿತು, ಸುದ್ದಿ ಸಮೇತ. ಅಷ್ಟರಲ್ಲಿ ಆಕೆ ಮನೆ ಖಾಲಿ ಮಾಡಿ ಊರಿಗೆ ಹೋಗಿಯಾಗಿತ್ತು.

ನನ್ನ ಪದ್ಯದ ಒಂದು ಸಾಲೂ ಈಗ ನೆನಪಿಲ್ಲ. ಆ ಡ್ರೈವರನ್ನು ನೆನೆಯಲು ಕೂತರೆ, ದಿನಾ ಸಂಜೆ ವಠಾರದ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದವನು ಬರುವುದಿಲ್ಲ. ಓಲಾಡುತ್ತ ಒಬ್ಬ ಬರುತ್ತಾನೆ. ಅವನ ಕೈಗೆ ಹಾಲಿನ ಪ್ಯಾಕೆಟ್ ಕೊಡಲು ನೋಡುತ್ತೇನೆ. ಹಿಡಿಯುವುದಿಲ್ಲ.