ಬಾಚಣಿಗೆಯ ಟವರು

ಆಗ ನನಗೆ ಅರವತ್ತೆಂಟು. ಹದಿನಾರು ವರ್ಷದ ಹಿಂದಿನ ಮಾತು. ದಿಲ್ಲಿ ಪಕ್ಕದ ಇಂದಿರಾಪುರಂನಲ್ಲಿ ಮಗಳ ಮನೆಯಲ್ಲಿದ್ದೆ.

ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಎಂಟು ಟವರು. ಎಂಟಕ್ಕೂ ಒಂದೇ ಹಳದಿ ಬಣ್ಣ, ಒಂದೇ ಥರದ ಬಾಗಿಲು. ನಾನು ಓದಿದ್ದು ಕನ್ನಡ ಎರಡನೇ ಕ್ಲಾಸು. ಇಂಗ್ಲಿಷ್ ಅಕ್ಷರಕ್ಕೆ ನನ್ನದೇ ಗುರುತು: ಏಣಿಯಂಥದ್ದು ಒಂದು, ಮೂರು ಹಲ್ಲಿನ ಬಾಚಣಿಗೆಯಂಥದ್ದು ಇನ್ನೊಂದು. ಬಾಚಣಿಗೆ ನಮ್ಮದು. ಬಾಗಿಲ ಮೇಲೆ ಕಪ್ಪಗೆ, ದಪ್ಪಗೆ ಬರೆದಿತ್ತು. ಅದನ್ನು ನೋಡಿಕೊಂಡೇ ದಿನಾ ಬೆಳಿಗ್ಗೆ, ಮನೆಯವರೆಲ್ಲ ಮಲಗಿರುವಾಗ, ಕೀಲಿ ಹಿಡಿದು ಹಾಲಿನ ಬೂತಿಗೆ ಹೋಗಿ ಬರುತ್ತಿದ್ದೆ. ಒಬ್ಬಳೇ ಹೊರಗೆ ಹೋಗುತ್ತಿದ್ದದ್ದು ಅದೊಂದಕ್ಕೇ. ಹಿಂದೊಮ್ಮೆ ದಾರಿ ತಪ್ಪಿದ್ದಾಗ ಮಗಳು ಹೇಳಿಬಿಟ್ಟಿದ್ದಳು: "ಇನ್ನೊಂದ್ ಸಲ ಹೀಗಾದ್ರೆ ಹಾಲು ನಾನೇ ತರ್ತೀನಮ್ಮ. ನೀನು ಕೆಳಗಿಳಿಯೋದೇ ಬೇಡ."

ದೀಪಾವಳಿಗೆ ಮುಂಚೆ ಹಳೆಯ ಅಕ್ಷರ ಅಳಿಸಿ ಹೊಸ ಬೋರ್ಡು ಹಾಕಿಸಿದರು. ಮಾದರಿ ಬರೆದುಕೊಟ್ಟವಳು ಡಿಸೈನ್ ಕಾಲೇಜಿನಲ್ಲಿದ್ದ ನನ್ನ ಮೊಮ್ಮಗಳೇ. ಹಳೇ ಸಿನಿಮಾ ಪೋಸ್ಟರಿನ ಥರದ ಅಕ್ಷರ. ಹೊಟ್ಟೆ ಉಬ್ಬಿದೆ, ತುದಿಗೆಲ್ಲ ಬಳ್ಳಿ ಸುರುಳಿ, ಹಿಂದೆ ಕೆಂಪು ನೆರಳು, ಒಳಗೆ ಚಿನ್ನದ ಗೆರೆ.

ಮಾರನೆಯ ದಿನ ಹಾಲು ಹಿಡಿದು ಬಂದರೆ ಮುಂದಿನ ಗೇಟಿಗೂ ಬೋರ್ಡು ಕಟ್ಟುತ್ತಿದ್ದರು. ಕಾವಲಿನವನು ಹಿಂದಿನ ಗೇಟಿಗೆ ಕಳಿಸಿದ. ಒಳಗೆ ಬಂದು ತಲೆ ಎತ್ತಿದರೆ ಬಾಚಣಿಗೆ ಎಲ್ಲೂ ಇಲ್ಲ. ಎಂಟೂ ಬಾಗಿಲ ಮೇಲೆ ಬಳ್ಳಿಯೇ ಬಳ್ಳಿ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಮಗಳ ಕಿವಿಗೆ ಬೀಳುತ್ತದೆ. ಕೇಳಲಿಲ್ಲ. ಮೂರು ಸುರುಳಿ ಇದ್ದದ್ದೊಂದನ್ನು ಬಾಚಣಿಗೆ ಎಂದುಕೊಂಡು ಎಂದಿನಂತೆ ಏಳನೇ ಮಹಡಿಗೆ ಹೋಗಿ ಕೀಲಿ ತುರುಕಿದೆ. ತಿರುಗಲಿಲ್ಲ. ಬಾಗಿಲು ತೆರೆದವಳು ಒಬ್ಬ ಪಂಜಾಬಿ ಹೆಂಗಸು, ಕೈಯಲ್ಲಿ ಸೌಟು.

"ಅರೇ ಆಂಟೀಜಿ, ಆಪ್ ತೋ ಸಾಮ್ನೇವಾಲೇ ಟವರ್ ಕೀ ಹೋ! ಚಲೋ, ಚಲೋ."

ನಾನು ಎದುರಿನ ಟವರಿನವಳೆಂದು ಗುರುತು ಹಿಡಿದು, ಸ್ಕೂಲಿಂದ ಮಗುವನ್ನು ಕರೆತಂದ ಹಾಗೆ ಕೈ ಹಿಡಿದು ತಂದು ಬಿಟ್ಟಳು. ಮಗಳು ಅವಳಿಗೆ ಚಹಾ ಕೊಟ್ಟಳು. ನನ್ನ ಕೈಯಿಂದ ಕೀಲಿ ತೆಗೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡುತ್ತಿದ್ದೆ.

"ಅಜ್ಜೀ, ಇತ್ನಾ ಕ್ಲಿಯರ್ ತೋ ಹೈ!" ಅಂದಳು ಮೊಮ್ಮಗಳು.

"ಓದಕ್ಕೆ ಬರೋರಿಗೆ ಕ್ಲಿಯರು ಕಣೇ."

ಅವಳ ಮುಖ ಸಣ್ಣದಾಯಿತು. "ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ಸೀರೆ ಸೆರಗಿಗೆ ಹಾಕಿದ್ರೆ ಇನ್ನೂ ಚೆನ್ನಾಗಿರೋದು."

ಸುಳ್ಳೇನೂ ಹೇಳಲಿಲ್ಲ. ಮಿಠಾಯಿ ಡಬ್ಬಿಗೋ ಮದುವೆ ಕಾಗದಕ್ಕೋ ಆಗಿದ್ದರೆ ನಾನೂ ಮೆಚ್ಚುತ್ತಿದ್ದೆ. ಈಗ ಬೋರ್ಡು ಇಳಿಸಿ ಎಂದು ಯಾರಿಗೆ ಹೇಳುವುದು? ಸೊಸೈಟಿ ಮೀಟಿಂಗಿನಲ್ಲಿ ಅವಳು ಆ ಅಕ್ಷರ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ.

ಮರುದಿನ ಐದಕ್ಕೇ ಎಚ್ಚರವಾಯಿತು. ಹಾಲಿನ ಚೀಲವನ್ನು ಮಗಳ ಚಪ್ಪಲಿಯ ಪಕ್ಕ ಇಟ್ಟು, ಮೊರ ತೆಗೆದುಕೊಂಡು ಬೇಳೆ ಆರಿಸಲು ಕೂತೆ.